ಮೊದಲ ಸುತ್ತಿನಲ್ಲಿ ಸೋತವರು

ಕಾಕನಕೋಟೆ ಕಡೆಯ ನಮ್ಮೂರಿನಲ್ಲಿ ವಾಲಿಬಾಲ್ ಆಟ ನಿಲ್ಲುವುದು ಪಾಯಿಂಟು ನೋಡಿ ಅಲ್ಲ, ಹೊತ್ತು ನೋಡಿ. ಸಂಜೆ ಆರಕ್ಕೆ ಕಾಡಿನೊಳಗೆ ಹಾದುಹೋಗುವ ಮಾನಂದವಾಡಿ ರಸ್ತೆಯ ಗೇಟು ಹಾಕುತ್ತಾರೆ. ಬೆಳಿಗ್ಗೆ ಆರರವರೆಗೆ ವಾಹನ ಬಿಡುವುದಿಲ್ಲ. ಹೆಚ್ಚುಕಡಿಮೆ ಅದೇ ಹೊತ್ತಿಗೆ ಹುಡುಗರು ನೆಟ್ ಬಿಚ್ಚುತ್ತಾರೆ. ಆನೆ ಕಾಡಂಚಿಗೆ ಬರುವ ಸಮಯ. ಇಪ್ಪತ್ತು–ಹತ್ತೊಂಬತ್ತಕ್ಕೆ ನಿಂತುಹೋದ ಆಟವನ್ನು ಮಾರನೆಯ ದಿನ ಯಾರೂ ಅಲ್ಲಿಂದ ಮುಂದುವರಿಸುವುದಿಲ್ಲ, ಮತ್ತೆ ಸೊನ್ನೆಯಿಂದಲೇ ಶುರು.

ನನ್ನ ಚಿಕ್ಕಪ್ಪನ ಮಗ ಈ ಅಂಗಳದ ಲಿಫ್ಟರ್, ಅಂದರೆ ಹೊಡೆಯುವವನಿಗೆ ಚೆಂಡು ಎತ್ತಿಕೊಡುವವನು. ಎರಡನೇ ಪಿಯುಸಿ. ಕಳೆದ ಆಗಸ್ಟಿನಲ್ಲಿ ಪಿಎಚ್.ಡಿ. ಪ್ರಬಂಧದ ಒಂದು ಅಧ್ಯಾಯ ಮುಗಿಸುವ ನೆಪ ಹೇಳಿ ನಾನು ಊರಿಗೆ ಹೋಗಿದ್ದಾಗ ಹೊಗೆಸೊಪ್ಪು ಬ್ಯಾರನ್ನಿಗೆ ಏರಿತ್ತು. ಎಲೆ ಹದವಾಗುವ ಐದಾರು ದಿನ ರಾತ್ರಿಯೆಲ್ಲ ಒಲೆ ನೋಡುತ್ತಿರಬೇಕು. ಬಿಸಿ ಏರಿದರೂ ಕೆಟ್ಟಿತು, ಇಳಿದರೂ ಕೆಟ್ಟಿತು. ರಾತ್ರಿ ಪಾಳಿ ಅವನದು. ಅವನ ಪಕ್ಕ ಕೂತು, ಅವನ ಮೊಬೈಲಿನಲ್ಲಿ, ನಾನು ಮೊದಲ ಸಲ ‘ಹೈಕ್ಯೂ’ ನೋಡಿದೆ. ಇಂಗ್ಲಿಷ್ ಸಬ್‌ಟೈಟಲ್ ಓಡುವ ವೇಗ ಅವನಿಗೆ ಸಿಗುತ್ತಿರಲಿಲ್ಲ, ಹಾಗಾಗಿ ನಾನು ಕನ್ನಡದಲ್ಲಿ ಹೇಳುತ್ತ ಹೋಗಬೇಕಿತ್ತು. ‘ಸೆಂಪಾಯ್’ ಬಂದಾಗ ‘ಸೀನಿಯರ್’ ಅಂದೆ. “ಅಣ್ಣ ಅನ್ನಕ್ಕ, ಸಾಕು” ಅಂದ. ಅವನದೇ ಸರಿಯಾದ ಅನುವಾದ.

ಜಪಾನಿನ ಕ್ರೀಡಾ ಅನಿಮೆಗಳ ಬಗ್ಗೆ ಕನ್ನಡದಲ್ಲಿ ಬರೆಯಲು ಹೊರಟರೆ ಮೊದಲು ಎದುರಾಗುವುದು ಇವು ಮಕ್ಕಳ ಕಾರ್ಟೂನು ಎನ್ನುವ ಮಾತು. ಅದಕ್ಕೆ ಉತ್ತರ ಕೊಡುತ್ತ ಕೂರುವುದಿಲ್ಲ. ನಾನು ಓದುತ್ತಿರುವುದು ಹಳಗನ್ನಡ ಕಾವ್ಯಗಳ ಯುದ್ಧವರ್ಣನೆ. ಒಲೆಯ ಮುಂದೆ ಕೂತು ನೋಡುತ್ತಿದ್ದದ್ದೂ ಅದೇ ಕುಲದ್ದು ಅನ್ನಿಸಿತು. ಅಷ್ಟೇ ನನ್ನ ಅರ್ಹತೆ.

‘ಹೈಕ್ಯೂ’ ಅಂದರೆ ಜಪಾನಿ ಭಾಷೆಯಲ್ಲಿ ವಾಲಿಬಾಲ್. ಹರುಯಿಚಿ ಫುರುದಾತೆ 2012ರಿಂದ 2020ರವರೆಗೆ ವಾರಪತ್ರಿಕೆಯೊಂದರಲ್ಲಿ ಬರೆದ ಮಾಂಗಾ ಇದರ ಮೂಲ. ಅನಿಮೆ ಶುರುವಾದದ್ದು 2014ರಲ್ಲಿ. ನಾಲ್ಕು ಸೀಸನ್, 85 ಕಂತು. ಕಥೆ ಎರಡು ಸಾಲಿನದು. ಹಿನಾತಾ ಎಂಬ ಕುಳ್ಳ ಹುಡುಗ ಅಂಗಡಿಯ ಟಿವಿಯಲ್ಲಿ ತನ್ನಂಥದೇ ಕುಳ್ಳ ಆಟಗಾರನೊಬ್ಬ ನೆಟ್ಟಿನ ಮೇಲೆ ಹಾರುವುದನ್ನು ಕಂಡು, ಅವನು ಓದಿದ ಕರಾಸುನೊ ಶಾಲೆಯನ್ನೇ ಹುಡುಕಿಕೊಂಡು ಹೋಗುತ್ತಾನೆ. ಉತ್ತರದ ಮಿಯಾಗಿ ಪ್ರಾಂತ್ಯದ ಶಾಲೆ, ಒಂದು ಕಾಲಕ್ಕೆ ಹೆಸರಿತ್ತು, ಈಗ ಇಲ್ಲ. ಅಲ್ಲಿ ಅವನಿಗೆ ಸಿಗುವ ಲಿಫ್ಟರ್ ಕಗೆಯಾಮಾ ಮಹಾ ಜಾಣ, ಅಷ್ಟೇ ಜಗಳಗಂಟ. ಇವರಿಬ್ಬರ ಹೊಂದಾಣಿಕೆಯ ಬಗ್ಗೆ ಎಲ್ಲರೂ ಬರೆದಿದ್ದಾರೆ. ನನ್ನನ್ನು ಹಿಡಿದದ್ದು ಬೇರೆ.

ಮೊದಲ ಸೀಸನ್ನಿನ ನಡುವೆ ಅಂತರಶಾಲಾ ಪಂದ್ಯಾವಳಿ ಬರುತ್ತದೆ. ಮೊದಲ ಸುತ್ತಿನಲ್ಲಿ ಕರಾಸುನೊಗೆ ಎದುರಾಗುವುದು ತೊಕೊನಾಮಿ ಎಂಬ ಶಾಲೆ. ಅಲ್ಲಿಯವರೆಗೆ ಅದರ ಹೆಸರನ್ನೂ ನಾವು ಕೇಳಿಲ್ಲ, ಮುಂದೆಯೂ ಅದರಿಂದ ಕಥೆಗೆ ಏನೂ ಆಗಬೇಕಿಲ್ಲ. ನಾಯಕನ ತಂಡ ಗೆದ್ದು ಮುಂದೆ ಹೋಗಲಿಕ್ಕೆ ಇರುವ ಮೆಟ್ಟಿಲು ಅದು. ಆ ತಂಡದಲ್ಲಿ ಇಕೆಜಿರಿ ಅಂತೊಬ್ಬ ಇದ್ದಾನೆ, ಕರಾಸುನೊ ನಾಯಕನ ಹಳೆಯ ಸಹಪಾಠಿ. ಕಥೆ ತಟಕ್ಕನೆ ಅವನ ಕಡೆ ತಿರುಗುತ್ತದೆ. ಇವರು ದೊಡ್ಡ ಕನಸು ಕಂಡವರಲ್ಲ, ಅಭ್ಯಾಸವನ್ನೂ ಮೈಮುರಿದು ಮಾಡಿದವರಲ್ಲ. ಆದರೂ ಕೊನೆಯ ಚೆಂಡು ನೆಲಕ್ಕೆ ಬಿದ್ದಾಗ ಅಳು ಬರುತ್ತದೆ. ನಾವೂ ಆಡಿದೆವಲ್ಲ ಅನ್ನುವುದಷ್ಟೇ ಅವರ ಬಳಿ ಉಳಿಯುವುದು. ಇಕೆಜಿರಿ ಹಳೆಯ ಗೆಳೆಯನಿಗೆ, ನೀನಾದರೂ ಗೆಲ್ಲುತ್ತ ಹೋಗು ಅಂತ ಹೇಳಿ ಕಳಿಸುತ್ತಾನೆ. ಜಪಾನಿನಲ್ಲಿ ಪ್ರೌಢಶಾಲೆಯ ಮೂರನೇ ವರ್ಷದವರಿಗೆ ಇಂಥ ಸೋಲು ಎಂದರೆ ತಂಡದಿಂದ ಬಿಡುಗಡೆ. ಆಮೇಲೆ ಪರೀಕ್ಷೆ, ಕೆಲಸ. ಹೆಚ್ಚಿನವರು ಮತ್ತೆ ಹಾಗೆ ಚೆಂಡು ಮುಟ್ಟುವುದಿಲ್ಲ.

ನನ್ನ ತಮ್ಮ ಆ ಕಂತನ್ನು ಎರಡು ಸಲ ನೋಡಿದ. ನಮ್ಮ ಕಡೆಯ ಹೊನಲು ಬೆಳಕಿನ ಪಂದ್ಯಾವಳಿಗಳಿಗೆ ಹೋಗಿ ಬಂದವನಿಗೆ ಅದು ಯಾಕೆ ತಾಗಿತು ಅಂತ ಕೇಳಬೇಕಿಲ್ಲ. ಪ್ರವೇಶ ಶುಲ್ಕಕ್ಕೆ ಚಂದಾ ಎತ್ತಿ, ಗೂಡ್ಸ್ ಆಟೊದಲ್ಲಿ ಒತ್ತೊತ್ತಾಗಿ ನಿಂತು ಹುಣಸೂರಿಗೋ ಪಿರಿಯಾಪಟ್ಟಣದ ಕಡೆಗೋ ಹೋಗುತ್ತಾರೆ. ಸರದಿ ಬರುವಷ್ಟರಲ್ಲಿ ರಾತ್ರಿ ಒಂದು ಗಂಟೆ. ಇಪ್ಪತ್ತು ನಿಮಿಷದಲ್ಲಿ ಸೋತು, ಅದೇ ಆಟೊದಲ್ಲಿ ವಾಪಸು. ಬಹುಮಾನ ಕೊಡುವ ಗಣ್ಯರ ಫೋಟೊದಲ್ಲಿ ಇವರಿರುವುದಿಲ್ಲ. ಇಂಥ ತಂಡಗಳೇ ಪಂದ್ಯಾವಳಿಯ ಬಹುಪಾಲು, ಕಥೆ ಇರುವುದು ಮಾತ್ರ ಗೆದ್ದವರಿಗೆ.

ಇಲ್ಲಿ ನನಗೆ ರನ್ನ ನೆನಪಾಗದೆ ಇರಲಿಲ್ಲ. ‘ಗದಾಯುದ್ಧ’ದ ಕಟ್ಟಡವನ್ನು ನಾವೆಲ್ಲ ಸಿಂಹಾವಲೋಕನ ಎಂಬ ಒಂದು ಪದದಲ್ಲಿ ಪರೀಕ್ಷೆಗೆ ಬರೆದು ಮರೆತಿದ್ದೇವೆ. ಭೀಮ ದುರ್ಯೋಧನರ ಕೊನೆಯ ಕಾಳಗವನ್ನು ಮುಂದಿಟ್ಟುಕೊಂಡು, ಅಲ್ಲಿಂದ ತಿರುಗಿ ತಿರುಗಿ ನೋಡುತ್ತ ಇಡೀ ಭಾರತವನ್ನು ಹೇಳುವ ಕ್ರಮ ಅದು. ಗದೆ ಮೇಲೆತ್ತಿದ ಕೈ ಅಲ್ಲೇ ನಿಂತಿರುತ್ತದೆ, ಕಾಲ ಹಿಂದಕ್ಕೆ ಹೋಗಿ ಬರುತ್ತದೆ. ‘ಹೈಕ್ಯೂ’ನ ಮೂರನೇ ಸೀಸನ್ನಿನ ಹತ್ತೂ ಕಂತುಗಳು ಒಂದೇ ಪಂದ್ಯ. ಎತ್ತಿದ ಚೆಂಡು ಗಾಳಿಯಲ್ಲಿರುವಾಗಲೇ ಬಾಲ್ಯ, ತಾತ, ಹಳೆಯ ಜಗಳ ಎಲ್ಲ ಹೇಳಿ ಮುಗಿಯುತ್ತದೆ. ಇದನ್ನು ಎಳೆದಾಟ ಎಂದು ಬೈಯುವವರಿದ್ದಾರೆ. ಕೆಲವೆಡೆ ನಿಜವೂ ಹೌದು. ಆದರೆ ರನ್ನನ ಕ್ರಮದ ಅಸಲಿ ಶಕ್ತಿ ಎಳೆತದಲ್ಲಿಲ್ಲ, ಹಿಂದಿರುಗಿ ನೋಡುವ ಕಣ್ಣು ಸೋಲುವವನ ಮೇಲೂ ಬೀಳುವುದರಲ್ಲಿದೆ. ಅವನ ಆಶ್ರಯದಾತ ಸತ್ಯಾಶ್ರಯ, ಕಾವ್ಯದಲ್ಲಿ ಅವನಿಗೆ ಸಮನಾಗಿ ನಿಲ್ಲುವವನು ಭೀಮ. ಗೆಲ್ಲಬೇಕಾದವನು ಯಾರೆಂದು ಮೊದಲೇ ನಿಶ್ಚಯವಾಗಿತ್ತು. ಆದರೂ ಓದಿ ಮುಗಿಸಿದ ಮೇಲೆ ನಮ್ಮ ಜೊತೆ ಬರುವವನು ದುರ್ಯೋಧನ.

ಈ ದೃಷ್ಟಿಯಿಂದ ನೋಡಿದರೆ ಅತ್ಯಂತ ಬಿಗಿಯಾದದ್ದು ಸರಣಿಯಲ್ಲ, ಒಂದು ಸಿನಿಮಾ: ತಾಕೆಹಿಕೊ ಇನೊಯೆ ಅವರೇ ನಿರ್ದೇಶಿಸಿದ ‘ದಿ ಫಸ್ಟ್ ಸ್ಲ್ಯಾಮ್ ಡಂಕ್’ (2022). ಬಾಸ್ಕೆಟ್‌ಬಾಲ್ ಕುರಿತ ಅವರ ಮಾಂಗಾ ಬಂದದ್ದು 1990ರಿಂದ 1996ರವರೆಗೆ. ಟಿವಿ ಸರಣಿ 101 ಕಂತು ಓಡಿಯೂ ಕಥೆಯ ಕೊನೆಯ ದೊಡ್ಡ ಪಂದ್ಯದವರೆಗೆ ಬರದೆ ನಿಂತಿತ್ತು. ಸಿನಿಮಾ ಆ ಒಂದೇ ಪಂದ್ಯ. ಹಿನ್ನೋಟಗಳೆಲ್ಲ ಒಕಿನಾವಾದ ಕುಳ್ಳ ಹುಡುಗ ರ್ಯೋತಾ ಮತ್ತು ತೀರಿಹೋದ ಅವನ ಅಣ್ಣನದು. ಎದುರಾಳಿ ತಂಡದ ಶ್ರೇಷ್ಠ ಆಟಗಾರ ಸವಾಕಿತಾ, ತನಗೆ ಬೇಕಾದ ಅನುಭವ ದೊರಕಲಿ ಎಂದು ದೇವರಲ್ಲಿ ಕೇಳಿಕೊಳ್ಳುತ್ತಾನೆ. ಅವನಿಗೆ ಸಿಗುವುದು ಸೋಲು. ಓಣಿಯಲ್ಲಿ ಕುಸಿದು ಅಳುತ್ತಾನೆ. ಇನ್ನು ಗೆದ್ದ ತಂಡವೇನಾಯಿತು? ಮಾಂಗಾದಲ್ಲಿ ಅವರು ಮರು ಪಂದ್ಯದಲ್ಲೇ ಹೀನಾಯವಾಗಿ ಸೋತರು ಎಂಬುದು ಬರೀ ಒಂದು ವಾಕ್ಯದಲ್ಲಿ ಬಂದು ಹೋಗುತ್ತದೆ.

ನಮ್ಮ ಸಿನಿಮಾಗಳಲ್ಲಿ ಇದು ಯಾಕಿಲ್ಲ? ‘ಪೈಲ್ವಾನ್’ (2019), ‘ಗರಡಿ’ (2023) ಎರಡಕ್ಕೂ ಕುಸ್ತಿಯ ಮಣ್ಣಿದೆ, ಆದರೆ ಅಖಾಡದಲ್ಲಿ ನಿಂತವನು ಹೀರೊ, ಎದುರಿಗಿರುವವನು ಕೆಡವಬೇಕಾದ ದೇಹ. ನಿಜವಾದ ಮೈಸೂರಿನ ಕುಸ್ತಿ ಹಾಗಲ್ಲ. ದಸರಾ ಕುಸ್ತಿಗೆ ಮುಂಚೆ ಜೋಡಿ ಕಟ್ಟುತ್ತಾರೆ. ತೂಕ, ಅನುಭವ ನೋಡಿ ಸಮಸಮ ಕೂಡಿಸುತ್ತಾರೆ. ‘ಜೋಡಿ’ ಎಂಬ ಪದದಲ್ಲೇ ಎದುರಾಳಿಗೆ ಅರ್ಧ ಪಾಲಿದೆ. ಆ ಪದ ನಮ್ಮ ಚಿತ್ರಕಥೆಗಳಿಗೆ ಬಂದಿಲ್ಲ.

ಹಾಗೆಂದು ಅನಿಮೆಯನ್ನು ಹೊತ್ತು ಕುಣಿಯಬೇಕಿಲ್ಲ. ಈ ಪ್ರಕಾರದ ಬೇರಿನಲ್ಲಿ ಕಹಿಯೂ ಇದೆ. 1964ರ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಸೋವಿಯತ್ ತಂಡವನ್ನು ಸೋಲಿಸಿ ಚಿನ್ನ ಗೆದ್ದ ಜಪಾನಿನ ಮಹಿಳಾ ವಾಲಿಬಾಲ್ ತಂಡದ ಬಹುಪಾಲು ಹೆಣ್ಣುಮಕ್ಕಳು ನಿಚಿಬೊ ಎಂಬ ಜವಳಿ ಕಂಪನಿಯ ನೌಕರರು. ಹಗಲು ಕೆಲಸ, ಆಮೇಲೆ ನಡುರಾತ್ರಿಯವರೆಗೆ ಅಭ್ಯಾಸ. ತರಬೇತುದಾರ ದೈಮತ್ಸು ಅವರ ಕಠೋರತೆ ದೇಶಕ್ಕೆಲ್ಲ ಆದರ್ಶವಾಯಿತು. ಎಷ್ಟು ನೋವಾದರೂ ಬಿಡದೆ ಎದ್ದು ನಿಲ್ಲುವ ಛಲಕ್ಕೆ ‘ಕೊಂಜೊ’ ಎಂಬ ಮಾತು ಮನೆಮಾತಾಯಿತು. ಅದರ ಬೆನ್ನಿಗೆ ಬಂದದ್ದು ‘ಅಟ್ಯಾಕ್ ನಂಬರ್ ಒನ್’ (1969–71), ಹುಡುಗಿಯರನ್ನು ನಡುವಿಗಿಟ್ಟ ಕ್ರೀಡಾ ಅನಿಮೆಗಳ ಮೊದಲಿಗ. ಇವತ್ತು ನೋಡಿದರೆ ಅಲ್ಲಿ ಅಭ್ಯಾಸಕ್ಕೂ ಶಿಕ್ಷೆಗೂ ವ್ಯತ್ಯಾಸ ಹೇಳುವುದು ಕಷ್ಟ. ಬ್ಯಾರನ್ನಿನ ಮುಂದೆ ನಿದ್ದೆಗೆಟ್ಟು ಕೂತ ಹುಡುಗನ ಪಕ್ಕದಲ್ಲಿ, ಕಷ್ಟಪಟ್ಟವನಿಗೆ ಫಲ ಸಿಕ್ಕೇ ಸಿಗುತ್ತದೆ ಎಂಬ ಸಬ್‌ಟೈಟಲನ್ನು ಕನ್ನಡಕ್ಕೆ ತರುವಾಗ ನನ್ನ ನಾಲಿಗೆ ತೊಡರುತ್ತಿತ್ತು. ಸೊಪ್ಪಿನ ದರ ಅವನ ಛಲ ನೋಡಿ ನಿಗದಿಯಾಗುವುದಿಲ್ಲ.

ಆ ಛಲದ ಮಾತಿಗೆ ಒಳಗಿನಿಂದಲೇ ಉತ್ತರ ಕೊಟ್ಟದ್ದು ‘ಪಿಂಗ್ ಪಾಂಗ್’. ತೈಯೊ ಮತ್ಸುಮೊತೊ ಮಾಂಗಾವನ್ನು ಮಸಾಕಿ ಯುಆಸಾ 2014ರಲ್ಲಿ 11 ಕಂತಿಗೆ ತಂದರು. ಒಂದೇ ಒಂದು ನೋಡುತ್ತೇನೆ ಅನ್ನುವವರಿಗೆ ನಾನು ಹೇಳುವುದು ಇದನ್ನೇ. ಗೆರೆಗಳು ಸೊಟ್ಟ, ಮುಖಗಳು ಚಂದವಿಲ್ಲ, ಮೊದಲ ಕಂತು ಮುಗಿಯುವ ಹೊತ್ತಿಗೆ ಅದೆಲ್ಲ ಮರೆತುಹೋಗುತ್ತದೆ. ಎಲ್ಲರಿಗಿಂತ ಹೆಚ್ಚು ಬೆವರು ಸುರಿಸಿದ ಸಕುಮಾ ಇಲ್ಲಿ ಸೋಲುತ್ತಾನೆ. ನಿನಗೆ ಪ್ರತಿಭೆಯಿಲ್ಲ ಎಂದು ಬಾಲ್ಯದ ಗೆಳೆಯ ಮುಖಕ್ಕೇ ಹೇಳುತ್ತಾನೆ. ಅವನು ಆಟ ಬಿಡುತ್ತಾನೆ, ಬಿಟ್ಟ ಮೇಲೂ ಮನುಷ್ಯನಾಗಿ ಕಥೆಯಲ್ಲಿ ಇರುತ್ತಾನೆ. ಚೀನಾದ ತಂಡ ಕೈಬಿಟ್ಟದ್ದರಿಂದ ಜಪಾನಿಗೆ ಬಂದ ಕಾಂಗ್, ಗರ್ವವೆಲ್ಲ ಇಳಿದ ಮೇಲೆ, ಕ್ರಿಸ್‌ಮಸ್ ರಾತ್ರಿ ತನ್ನ ಸಾಧಾರಣ ತಂಡದ ಹುಡುಗರ ಜೊತೆ ಹಾಡುತ್ತಾನೆ. ಎಗಾಮಿ ಎಂಬ ಮೊದಲ ಸುತ್ತಿನ ಸೋಲಾಳಿಯೂ ಇದ್ದಾನೆ. ಸೋತವನೇ ಟೇಬಲ್ ಟೆನಿಸ್ ನನ್ನ ದಾರಿಯಲ್ಲ ಎಂದು ಸಮುದ್ರ ನೋಡಲು ಹೊರಡುತ್ತಾನೆ. ನಗಿಸಲಿಕ್ಕೆ ಇಟ್ಟ ಪಾತ್ರ, ಆದರೆ ಅವನು ಬಂದಾಗಲೆಲ್ಲ ನಗು ಸ್ವಲ್ಪ ಬೇಗ ನಿಲ್ಲುತ್ತದೆ.

ಸಾಹಿತ್ಯದ ವಿದ್ಯಾರ್ಥಿಗಳು ತಪ್ಪಿಸಬಾರದ್ದು ‘ಚಿಹಾಯಾಫುರು’ (2011ರಿಂದ). ಇದರ ಆಟ ಕರುತಾ. ಹದಿಮೂರನೇ ಶತಮಾನದಲ್ಲಿ ಫುಜಿವಾರಾ ನೊ ತೇಯಿಕಾ ಆರಿಸಿದನೆನ್ನುವ ನೂರು ಕವಿಗಳ ನೂರು ಪದ್ಯಗಳೇ ಇಸ್ಪೀಟು ಎಲೆಗಳು. ಓದುವವರು ಪದ್ಯದ ಪೂರ್ವಾರ್ಧದಿಂದ ಶುರು ಮಾಡುತ್ತಾರೆ; ಉತ್ತರಾರ್ಧ ಬರೆದ ಎಲೆ ಚಾಪೆಯ ಮೇಲಿರುತ್ತದೆ; ಮೊದಲು ಹೊಡೆದವರದು ಎಲೆ. ಏಳು ಪದ್ಯಗಳನ್ನು ಒಂದೇ ಅಕ್ಷರ ಕೇಳಿ ಗುರುತಿಸಬಹುದು, ಏಕೆಂದರೆ ಆ ಅಕ್ಷರದಿಂದ ಶುರುವಾಗುವ ಬೇರೆ ಪದ್ಯ ನೂರರಲ್ಲಿಲ್ಲ. ಐವತ್ತು ಎಲೆ ಮಾತ್ರ ಹಾಸಿರುವುದರಿಂದ, ಓದಿದ ಪದ್ಯದ ಎಲೆ ಅಲ್ಲಿ ಇಲ್ಲದೆಯೂ ಇರಬಹುದು. ಆಗ ಕೈ ತಡೆಯಬೇಕು. ನಮ್ಮ ವಚನ ಕಂಠಪಾಠ ಸ್ಪರ್ಧೆಗಳಲ್ಲಿ ಕೈಕಟ್ಟಿ ಒಪ್ಪಿಸಿ ಬಂದ ನನಗೆ, ಪದ್ಯವನ್ನು ಕಿವಿ, ಮೊಣಕಾಲು, ಬೆರಳ ತುದಿಯಿಂದ ಬಲ್ಲ ಹುಡುಗಿಯನ್ನು ಕಂಡು ಹೊಟ್ಟೆಕಿಚ್ಚಾಯಿತು. ಆದಿಪ್ರಾಸದ ಭಾಷೆ ನಮ್ಮದು. ಎರಡನೇ ಅಕ್ಷರಕ್ಕೆ ಕಿವಿ ಕೊಟ್ಟು ಆಡುವ ಆಟವೊಂದನ್ನು ನಾವೂ ಮಾಡಿಕೊಳ್ಳಬಹುದಿತ್ತು.

ಚಿಹಾಯಾ ಹುಡುಗಿ ಎನ್ನುವುದು ಸಣ್ಣ ಸಂಗತಿಯಲ್ಲ. ಇಷ್ಟು ಹೊತ್ತು ನಾನು ಹೊಗಳಿದ ಕಥೆಗಳಲ್ಲಿ ಹುಡುಗಿಯರು ನೀರಿನ ಬಾಟಲಿ ಹಿಡಿದ ಮ್ಯಾನೇಜರುಗಳು. ಸೋತವರಿಗೂ ಕಥೆಯಿದೆ ಎನ್ನುವ ‘ಹೈಕ್ಯೂ’ನ ಅದೇ ಕಂತಿನಲ್ಲಿ ಕರಾಸುನೊ ಹುಡುಗಿಯರ ತಂಡವೂ ಸೋಲುತ್ತದೆ. ಅದಕ್ಕೆ ಸಿಗುವುದು ಕೆಲವೇ ದೃಶ್ಯ. ನಾನು ಹತ್ತನೇ ತರಗತಿಯವರೆಗೆ ಖೋ ಖೋ ಆಡಿದವಳು. ಬಿಟ್ಟದ್ದಕ್ಕೆ ಸೋಲು ಗೆಲುವು ಯಾವುದೂ ಕಾರಣವಲ್ಲ. ಅಭ್ಯಾಸ ಮುಗಿಸಿ ಕತ್ತಲಾಗುವ ಮುಂಚೆ ಊರಿಗೆ ಬರುವ ಬಸ್ಸಿರಲಿಲ್ಲ, ಅಷ್ಟೇ. ಇಂಥ ನಿಲುಗಡೆಗೆ ಅಳುವ ದೃಶ್ಯವೂ ಇರುವುದಿಲ್ಲ. ಮೊದಲ ಸುತ್ತಿನಲ್ಲಿ ಸೋಲಬೇಕಾದರೂ ಮೊದಲ ಸುತ್ತಿಗೆ ಹೋಗಬೇಕು. ಪ್ರತಿ ಶಾಲೆಗೂ ಕ್ಲಬ್ಬು, ಒಳಾಂಗಣ ಇರುವ ಲೋಕದಲ್ಲಿ ನಡೆಯುವ ಈ ಕಥೆಗಳು ಅದನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ.

ನಮ್ಮದೇ ಜಿಲ್ಲೆಯ ತಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಬಿ. ಚೈತ್ರಾ 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋ ಖೋ ವಿಶ್ವಕಪ್ ಗೆದ್ದ ಭಾರತ ತಂಡದಲ್ಲಿದ್ದರು. ಫೈನಲ್‌ನಲ್ಲಿ ನೇಪಾಳದ ವಿರುದ್ಧ 78–40. ಸಾಲಾಗಿ ಕೂತವರು ಒಬ್ಬರು ಆ ಕಡೆ, ಒಬ್ಬರು ಈ ಕಡೆ ಮುಖ ಮಾಡಿ, ಬೆನ್ನಿಗೆ ಬೀಳುವ ಒಂದು ತಟ್ಟಿಗೆ ಕಾಯುವ ಆ ಕ್ಷಣ ಅನಿಮೆಗೆಂದೇ ಹುಟ್ಟಿದಂತಿದೆ. ಕೂತಿರುವ ಎಂಟು ಜನರ ಮನಸ್ಸಿನಲ್ಲೂ ಒಂದೊಂದು ಸಿಂಹಾವಲೋಕನಕ್ಕೆ ಜಾಗವಿದೆ. ಬರೆಯುವವರು ಬೇಕು.

ಕೊನೆಯ ಸಲ ಒಲೆಗೆ ಸೌದೆ ಹಾಕಿ ಬಂದ ರಾತ್ರಿ ತಮ್ಮ ಕೇಳಿದ: “ಆ ಗರ್ಲ್ಸ್ ಟೀಮ್ ಕ್ಯಾಪ್ಟನ್ ಏನಾದ್ಲಕ್ಕ ಆಮೇಲೆ?” ಮಿಚಿಮಿಯಾ ಅವಳ ಹೆಸರು. ನನಗೆ ಗೊತ್ತಿರಲಿಲ್ಲ. ಮೈಸೂರಿಗೆ ವಾಪಸಾದ ಮೇಲೆ, ಅಧ್ಯಾಯ ಬರೆಯಬೇಕಾದ ರಾತ್ರಿಗಳಲ್ಲಿ ಉಳಿದ ಕಂತುಗಳನ್ನು ನೋಡಿ ಹುಡುಕಿದೆ. ಹುಡುಗರ ತಂಡ ರಾಷ್ಟ್ರಮಟ್ಟಕ್ಕೆ ಹೋಗುವಾಗ ಅವಳು ಅವರ ನಾಯಕನಿಗೆ ಒಳ್ಳೆಯದಾಗಲೆಂದು ದೇವಸ್ಥಾನದ ರಕ್ಷೆ ಕೊಡುತ್ತಾಳೆ. ಆಮೇಲೆ ಗ್ಯಾಲರಿಯಲ್ಲಿ ನಿಂತು ಕೂಗುತ್ತಿರುತ್ತಾಳೆ. ಸ್ಕ್ರೀನ್‌ಶಾಟ್ ತೆಗೆದು ಅವನಿಗೆ ಕಳಿಸಿದೆ.

“ಆಡ್ತಾ ಇಲ್ವಾ?” ಅಂತ ಬಂತು ಮೆಸೇಜು.