ಐದು ಸೆಕೆಂಡಿಗೆ ಹತ್ತು ಸಂದೇಶ

ಕೆಟ್ಟ ಡಿಸ್ಕೊಂದು ಒಂದೇ ದೂರನ್ನು ಎಡೆಬಿಡದೆ ಹೇಳತೊಡಗಿದರೆ ಲಾಗ್ ತುಂಬಿ, ನಿಜವಾದ ಸುಳಿವು ಅದರಡಿ ಹೂತುಹೋಗುತ್ತದೆ. ಕನ್ಸೋಲ್ ನಿಧಾನದ್ದಾದರೆ ಯಂತ್ರವೇ ಏದುಸಿರು ಬಿಡುತ್ತದೆ. ಇದನ್ನು ತಡೆಯಲೆಂದೇ ಲಿನಕ್ಸ್ ಕರ್ನೆಲ್‌ನಲ್ಲಿ ರೇಟ್‌ಲಿಮಿಟ್ ಎಂಬ ಪುಟ್ಟ ಕಡತವಿದೆ. ಯಾರೂ ಬದಲಿಸದಿದ್ದರೆ ಮಿತಿ 5 ಸೆಕೆಂಡಿಗೆ 10 ಸಂದೇಶ. ಹೆಚ್ಚಾದದ್ದನ್ನು ಅದು ತಡೆಹಿಡಿಯುತ್ತದೆ. ಎಷ್ಟನ್ನು ತಡೆದೆ ಎಂಬ ಲೆಕ್ಕವನ್ನೂ ಒಪ್ಪಿಸುತ್ತದೆ. ಆ ಪ್ರಾಮಾಣಿಕತೆಯೇ ನನಗೆ ಅಚ್ಚುಮೆಚ್ಚು.

ಆದರೂ ಅಲ್ಲೊಂದು ಬಿರುಕಿತ್ತು. ಎಣಿಕೆಯನ್ನು ಕಾಯುವ ಬೀಗ ಬೇರೊಂದು ಸಿಪಿಯು ಕೈಯಲ್ಲಿದ್ದರೆ ಹಳೆಯ ಕೋಡ್ ಸಂದೇಶವನ್ನೇ ಕೈಬಿಡುತ್ತಿತ್ತು. ಇಂಟರಪ್ಟ್ ಒಳಗಿಂದಲೂ ಕರೆ ಬರಬಹುದಾದ್ದರಿಂದ ಬೀಗಕ್ಕಾಗಿ ಕಾಯುವಂತಿಲ್ಲ, ಸರಿ. ಆದರೆ ಮಿತಿಯೊಳಗಿನ ಸಂದೇಶವೂ ಹೀಗೆ ಕಾಣೆಯಾಗುತ್ತಿತ್ತು, ಆ ನಷ್ಟ ಲೆಕ್ಕಕ್ಕೂ ಸೇರುತ್ತಿರಲಿಲ್ಲ.

ಈ ಬಿರುಕನ್ನು ಮುಚ್ಚಲು 2025ರಲ್ಲಿ ಕರ್ನೆಲ್ ಡೆವಲಪರ್ ಪಾಲ್ ಮೆಕ್‌ಕೆನ್ನಿ ಮುಂದಿಟ್ಟ ಬದಲಾವಣೆಗಳನ್ನು ಓದುವುದೇ ಒಂದು ಸುಖ. ಬೀಗ ಸಿಗದಿದ್ದಾಗಲೂ ಮಿತಿಯಲ್ಲಿ ಉಳಿದ ಪಾಲನ್ನು ಅಟಾಮಿಕ್ ಎಣಿಕೆಯಿಂದ ನೋಡಿ, ಪಾಲಿದ್ದರೆ ಸಂದೇಶವನ್ನು ಹೊರಗೆ ಹೋಗಗೊಡುವುದು. ಇಲ್ಲದಿದ್ದರೆ ನಷ್ಟವನ್ನು ಎಣಿಸುವುದು. ಎಲ್ಲವನ್ನೂ ಒಂದೇ ಏಟಿಗೆ ಬದಲಿಸದೆ, ಒಂದೊಂದು ತೇಪೆಗೂ (ಪ್ಯಾಚ್) ಒಂದೊಂದೇ ಉದ್ದೇಶ. ಪರಿಶೀಲಿಸುವವರಿಗೆ ತೋರಿಸಬಹುದಾದ ಗೌರವ ಇದಕ್ಕಿಂತ ದೊಡ್ಡದಿಲ್ಲ.

ಡ್ರೈವರ್ ಬರೆಯುವವರಲ್ಲಿ ಒಂದು ವಿನಂತಿ: ಸಂದೇಶ ಮುದ್ರಿಸುವಾಗ, ಎಲ್ಲರೂ ಒಂದೇ ಲೆಕ್ಕವನ್ನು ಹಂಚಿಕೊಳ್ಳುವ ಹಳೆಯ ಪ್ರಿಂಟ್‌ಕೆ ರೇಟ್‌ಲಿಮಿಟ್ ಬೇಡ. ಕರೆಯುವ ಪ್ರತಿ ಜಾಗಕ್ಕೂ ತನ್ನದೇ ಲೆಕ್ಕವಿರುವ ಪ್ರಿಂಟ್‌ಕೆ ರೇಟ್‌ಲಿಮಿಟೆಡ್ ಬಳಸಿ.