ಯುಗಾದಿ ದಾಟದ ಹೊಂಡಗಳು

ಬನಶಂಕರಿ ಗುಡಿಯ ಮುಂದಿನ ಹರಿದ್ರಾತೀರ್ಥವನ್ನು ದೇವಿಯ ಹೊಂಡವೆಂದು ಎಲ್ಲರೂ ಕೈಮುಗಿಯುತ್ತಾರೆ. ಹೊಂಡ ಕಟ್ಟುವ ಕಸುಬು ಹೇಗಿರಬೇಕು ಎಂದು ಅದನ್ನು ನೋಡುವವರು ಕಡಿಮೆ. ಒಂದೊಂದು ಬದಿ ಸುಮಾರು 360 ಅಡಿ, ಮೂರು ಕಡೆ ಕಲ್ಲುಮಂಟಪಗಳ ಸಾಲು, ಸುತ್ತು ಬರಲು ಹಾದಿ, ನೀರಿಗಿಳಿಯಲು ಮೆಟ್ಟಿಲು. ಬಾದಾಮಿಯಿಂದ ಐದು ಕಿಲೋಮೀಟರ್ ಆಚೆ ಚೊಳಚಗುಡ್ಡದ ಹತ್ತಿರ ಇರುವ ಈ ಹಳೆಯ ಕೆಲಸದ ಪಕ್ಕದಲ್ಲಿ, ಈಗ ನಮ್ಮ ಹಿತ್ತಲು, ಹೊಲಗಳಲ್ಲಿ ತೋಡುತ್ತಿರುವ ಮೀನಿನ ಹೊಂಡಗಳನ್ನು ಇಟ್ಟು ನೋಡಬೇಕೆನಿಸಿದೆ.

ಮೊದಲು ಹಿತ್ತಲಿನದು. ಹತ್ತು ಅಡಿ ಉದ್ದ, ಎಂಟು ಅಡಿ ಅಗಲ, ಮೂರು ಅಡಿ ಆಳ ತೋಡಿ, ಗೌಂಡಿಯ ಕೈಯಲ್ಲಿ ಇಟ್ಟಿಗೆ ಕಟ್ಟಿಸಿ, ಸಿಮೆಂಟ್ ಬಳಿಸಿ, ದಂಡೆಗೆ ಇಳಕಲ್ಲಿನ ಕೆಂಪು ಗ್ರಾನೈಟಿನ ತುಂಡು ಕೂಡಿಸುತ್ತಾರೆ. ನೋಡಲು ಚೆಂದ. ಹುನಗುಂದದ ಕಡೆಯ ಎರೆಮಣ್ಣಿನಲ್ಲಿ ಮೊದಲ ಬೇಸಿಗೆಗೇ ಅದರ ಬಣ್ಣ ಬಯಲಾಗುತ್ತದೆ. ಎರೆ ನೆನೆದಾಗ ಉಬ್ಬುತ್ತದೆ, ಒಣಗಿದಾಗ ಕೈ ತೂರುವಷ್ಟು ಬಿರಿಯುತ್ತದೆ. ಬುಡಕ್ಕೆ ಗರಸು ತುಂಬಿ ಬಡಿಯದೆ ಕಟ್ಟಿದ ಗೋಡೆ ಅದರ ಜೊತೆಗೇ ಬಿರಿಯುತ್ತದೆ. ಬಾದಾಮಿಯ ಮಸಾರಿ ನೆಲದಲ್ಲಿ ಈ ಕಾಟ ಕಡಿಮೆ.

ಇನ್ನೊಂದು ಅವಸರ ಮೀನು ಬಿಡುವುದರಲ್ಲಿ. ಹೊಸ ಸಿಮೆಂಟಿನಿಂದ ಸುಣ್ಣ ಬಿಡುತ್ತಲೇ ಇರುತ್ತದೆ, ನೀರು ಕ್ಷಾರವಾಗುತ್ತದೆ. ಎರಡು ಮೂರು ವಾರ ನೀರು ತುಂಬಿ, ಚೆಲ್ಲಿ, ಮತ್ತೆ ತುಂಬಬೇಕು. ಅಷ್ಟಾದರೂ ಸಾಲದು. ಮೀನಿನ ಹೊಲಸಿನಿಂದ ಹುಟ್ಟುವ ಅಮೋನಿಯಾವನ್ನು ಕರಗಿಸುವ ಬ್ಯಾಕ್ಟೀರಿಯಾ ಬೆಳೆಯಲು ಮತ್ತೆ ಕೆಲವು ವಾರ ಬೇಕು. ಗೃಹಪ್ರವೇಶದ ದಿನವೇ ಬಣ್ಣದ ಮೀನು ಆಡಬೇಕೆನ್ನುವವರ ಹೊಂಡದಲ್ಲಿ ಎಂಟು ದಿನಕ್ಕೆ ಹೆಣ ತೇಲುವುದು ಇದರಿಂದಲೇ. ಬೈಗುಳ ಮಾತ್ರ ಮೀನು ಮಾರಿದವನಿಗೆ.

ಆದರೆ ನನ್ನ ದೊಡ್ಡ ತಕರಾರು ಬೇರೆ. ಇವೆಲ್ಲ ತುಂಬಿದ ದಿನದ ಚೆಂದಕ್ಕೆ ಕಟ್ಟಿದ ಹೊಂಡಗಳು. ಬಾಗಲಕೋಟೆ ಜಿಲ್ಲೆಯಲ್ಲಿ ವರ್ಷಕ್ಕೆ ಬೀಳುವ ಮಳೆ ಸರಾಸರಿ 600 ಮಿ.ಮೀ. ಒಳಗೇ. ಬಿರುಬೇಸಿಗೆಯಲ್ಲಿ ದಿನಕ್ಕೆ 8 ಮಿ.ಮೀ. ನೀರು ಆವಿಯಾಗುತ್ತದೆ ಎಂದು ಹಿಡಿದರೂ, ಮೇಲೆ ಹೇಳಿದ ಪುಟ್ಟ ಹೊಂಡಕ್ಕೆ ದಿನಾ 60 ಲೀಟರ್, ಅಂದರೆ ನಾಲ್ಕೈದು ಕೊಡ ನೀರು ಸುರಿಯಬೇಕು. ನಳಕ್ಕೆ ಸರದಿ ಹಚ್ಚುವ ಊರಲ್ಲಿ ಆ ನೀರು ತರುವವರು ಯಾರು ಎಂಬ ಪ್ರಶ್ನೆ ನಕ್ಷೆ ಬರೆಯುವಾಗ ಏಳುವುದೇ ಇಲ್ಲ. ತರುವವರು ಬಹುಪಾಲು ಮನೆಯ ಹೆಂಗಸರು. ನೀರು ಕಾದಷ್ಟೂ ಅದರಲ್ಲಿ ಉಳಿಯುವ ಆಮ್ಲಜನಕ ಕಡಿಮೆ. ರಾತ್ರಿ ಪಾಚಿಯೂ ಅದನ್ನೇ ಎಳೆದುಕೊಳ್ಳುತ್ತದೆ. ನಸುಕಿನಲ್ಲಿ ಮೀನು ಮೇಲೆ ಬಂದು ಬಾಯಿ ಬಿಡುವುದನ್ನು ಆಟವೆಂದುಕೊಂಡು ಮೊಬೈಲಿನಲ್ಲಿ ಹಿಡಿಯುವವರಿದ್ದಾರೆ!

ಹೊಲದ ಹೊಂಡ ಇದಕ್ಕಿಂತ ಮೇಲು. 2014ರಲ್ಲಿ ಶುರುವಾದ ಕೃಷಿ ಭಾಗ್ಯ ಯೋಜನೆಯ ಹೊಂಡಗಳಿಗೆ ಮೂರು ಮೀಟರ್ ಆಳವಿದೆ, ಮಳೆನೀರು ಹರಿದು ಬರುವ ದಾರಿಯಿದೆ. ಕಾಟ್ಲಾ ಮೇಲಿನ ನೀರಲ್ಲಿ, ರೋಹು ನಡುನೀರಲ್ಲಿ, ಮೃಗಾಲ್ ತಳದಲ್ಲಿ ಮೇಯುವುದರಿಂದ ಮೂರನ್ನೂ ಕೂಡಿಸಿ ಬಿಡುವ ಲೆಕ್ಕವೂ ಸರಿಯೇ. ಆದರೆ ತಳಕ್ಕೆ ಹಾಸಿದ ಪ್ಲಾಸ್ಟಿಕ್ ಹಾಳೆಯ ಮೇಲೆ ಮಣ್ಣು, ಸಗಣಿ ಬೀಳದಿದ್ದರೆ ಮೃಗಾಲ್ ಮೇಯುವುದೇನನ್ನು? ಇದಕ್ಕಿಂತ ದೊಡ್ಡ ಲೋಪ ಅಂಚಿನಲ್ಲಿದೆ. ನೆನೆದ ಹಾಳೆಯ ಇಳಿಜಾರಿನಲ್ಲಿ ಕಾಲು ಜಾರಿದರೆ ಹತ್ತಿ ಬರಲು ಹಿಡಿತವಿಲ್ಲ. ಕೃಷಿ ಹೊಂಡದಲ್ಲಿ ಮಕ್ಕಳು ಮುಳುಗಿದ ಸುದ್ದಿಯನ್ನು ನಾಡಿನ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಓದುತ್ತೇವೆ. ತಂತಿಬೇಲಿ, ಒಂದು ಗಂಟುಹಗ್ಗ, ನಾಲ್ಕು ಮೆಟ್ಟಿಲು ಇಲ್ಲದ ಹೊಂಡವನ್ನು ನಾನು ಮುಗಿದ ಕೆಲಸವೆಂದು ಒಪ್ಪಲಾರೆ.

ಇಲ್ಲಿಯೇ ಹರಿದ್ರಾತೀರ್ಥ ಕಟ್ಟಿದವರ ಬುದ್ಧಿ ಕಾಣುವುದು. ಮನುಷ್ಯ ನೀರಿನ ಹತ್ತಿರ ಬಂದೇ ಬರುತ್ತಾನೆಂದು ತಿಳಿದು ಅವರು ಕಟ್ಟಿದರು. ಬನದ ಹುಣ್ಣಿಮೆಯ ಜಾತ್ರೆಯಲ್ಲಿ ಹರಕೆಯ ಕೂಸನ್ನು ಬಾಳೆದಿಂಡಿನ ತೆಪ್ಪದ ಮೇಲೆ ತೊಟ್ಟಿಲಲ್ಲಿಟ್ಟು ತೇಲಿಸುವ ರೂಢಿ ಆ ನೀರಿನಲ್ಲೇ ನಡೆದುಬಂದಿದೆ. ಹಾಗೆಂದು ಹಳೆಯದೆಲ್ಲ ಚಿನ್ನವೆನ್ನುವವನು ನಾನಲ್ಲ. ಮಂಟಪ ಜನಕ್ಕೆ ನೆರಳು ಕೊಡುತ್ತದೆ, ಅಷ್ಟಗಲದ ನೀರಿಗಲ್ಲ. ಸುಮಾರು 12,000 ಚದರ ಮೀಟರಿನ ಆ ಹೊಂಡದಿಂದ ಅದೇ 8 ಮಿ.ಮೀ. ಲೆಕ್ಕಕ್ಕೆ ದಿನಕ್ಕೆ ಲಕ್ಷ ಲೀಟರಿನ ಹತ್ತಿರ ಆವಿಯಾಗಿ ಹೋಗುತ್ತದೆ. ಮಳೆ ಕೈಕೊಟ್ಟ ವರ್ಷ ಅದೂ ಬತ್ತಿ, ಜಾತ್ರೆಗೆ ನೀರಿಲ್ಲದಂತಾದದ್ದುಂಟು. ಒಳಹರಿವು ನಿಂತರೆ ಕಲ್ಲುಕೆಲಸ ಎಷ್ಟು ಗಟ್ಟಿಯಿದ್ದರೇನು?

2020ರಲ್ಲಿ ಬಂದ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯಲ್ಲಿ ಹಿತ್ತಲಿನ ಅಲಂಕಾರಿಕ ಮೀನು ಸಾಕಣೆಗೂ ನೆರವಿದೆ. ಸಾಮಾನ್ಯ ವರ್ಗಕ್ಕೆ ಶೇ 40, ಮಹಿಳೆಯರಿಗೂ ಪರಿಶಿಷ್ಟರಿಗೂ ಶೇ 60. ಅರ್ಜಿ ಹಾಕುವ ಮೊದಲು ಮಾಳಿಗೆಯ ಮಳೆನೀರು ಹೊಂಡಕ್ಕೆ ಬೀಳುವಂತೆ ಪೈಪು ಕೂಡಿಸಿರಿ. ಅಗಲ ಕಡಿಮೆ ಮಾಡಿ ಆಳ ಹೆಚ್ಚಿಸಿರಿ, ಅರ್ಧ ಹೊಂಡಕ್ಕೆ ಚಪ್ಪರ ಹಾಕಿರಿ, ಮನೆಯಲ್ಲಿ ಸಣ್ಣ ಮಕ್ಕಳಿದ್ದರೆ ಮೇಲೆ ಜಾಳಿಗೆ ಬಿಗಿಯಿರಿ. ಕೊಯಿ ಮೀನಿನ ಆಸೆ ಬಿಟ್ಟು ಮೊದಲ ವರ್ಷ ಗಪ್ಪಿ ಬಿಡಿರಿ. ಸೊಳ್ಳೆಯ ಮರಿಯನ್ನಾದರೂ ತಿಂದಾವು.