ನಯಕ್ಕೆ ಮೊದಲು ಬೆನ್ನು

ಅಲ್ಪಾಕಾ ಉಣ್ಣೆಯ ರುಚಿ ಹತ್ತಿದವರು ಮೊದಲು ಕೇಳುವುದು ‘ಎಷ್ಟು ಮೈಕ್ರಾನ್?’ ಎಂದು, ಅಂದರೆ ಎಳೆಯ ದಪ್ಪ ಎಷ್ಟೆಂದು. ಎಳೆ ತೆಳುವಾದಷ್ಟೂ ಮೈಗೆ ಚುಚ್ಚುವುದು ಕಡಿಮೆ, ಬೆಲೆ ಹೆಚ್ಚು. ಆದರೆ ಹೊಟ್ಟೆಗೆ ಮೇವು ಸಾಲದ ಪ್ರಾಣಿಯ ಎಳೆಯೂ ತೆಳುವಾಗುತ್ತದೆ. ಪೆರುವಿನ ಎತ್ತರದ ಬಡ ಹುಲ್ಲು ಮೇಯ್ದ ಅಲ್ಪಾಕಾವನ್ನು ಸಮೃದ್ಧ ಹುಲ್ಲುಗಾವಲಿಗೆ ಬಿಟ್ಟರೆ ಎಳೆ ದಪ್ಪವಾಗುವುದು ಇದಕ್ಕೇ. ತೆಳುತನ ಒಳ್ಳೆಯ ತಳಿಯಿಂದ ಬಂತೋ ಹಸಿವಿನಿಂದ ಬಂತೋ, ಆ ಅಂಕಿಯೊಂದೇ ಹೇಳಲಾರದು. ನನ್ನ ಮಟ್ಟಿಗೆ ಉಣ್ಣೆಯ ವಿಚಾರಣೆ ಪ್ರಾಣಿಯ ಬೆನ್ನಿನಿಂದಲೇ ಶುರುವಾಗಬೇಕು.

ಕಣ್ಣು ಇಲ್ಲಿ ಸಾಲದು. ಒಳಗೆ ಎಲುಬು ಎದ್ದಿದ್ದರೂ ದಟ್ಟ ತುಪ್ಪಳದಿಂದಾಗಿ ಅಲ್ಪಾಕಾ ದುಂಡಗೇ ಕಾಣುತ್ತದೆ. ಮೇಲಾಗಿ ಇದು ನೋವು ತೋರಗೊಡದ ಜೀವ. ಗುಂಪಿನ ಜೊತೆ ನಿಂತೇ ಇದ್ದು, ನೆಲ ಹಿಡಿಯುವಷ್ಟರಲ್ಲಿ ಕಾಯಿಲೆ ಬಹಳ ಮುಂದೆ ಹೋಗಿರುತ್ತದೆ. ಬಲ್ಲ ಸಾಕಣೆಗಾರರು ಕೊನೆಯ ಪಕ್ಕೆಲುಬಿನ ನೇರಕ್ಕೆ ತುಪ್ಪಳದೊಳಗೆ ಬೆರಳಿಳಿಸಿ, ಬೆನ್ನುಮೂಳೆಯ ಎರಡೂ ಪಕ್ಕದ ಮಾಂಸ ಒತ್ತಿ ನೋಡುತ್ತಾರೆ. ಮೂಳೆಯಿಂದ ಇಳಿಜಾರು ನೇರವಾಗಿದ್ದರೆ 5ಕ್ಕೆ 3 ಅಂಕ, ಅದೇ ಸರಿಯಾದ ಮೈಕಟ್ಟು. ಒಳಕ್ಕೆ ತಗ್ಗಾಗಿದ್ದರೆ ಸೊರಗಿದೆ, ಹೊರಕ್ಕೆ ಉಬ್ಬಿದ್ದರೆ ಕೊಬ್ಬು ಏರಿದೆ. ಜಂತುಹುಳು, ಹಲ್ಲಿನ ತೊಂದರೆ, ಬಲವಾದವುಗಳ ನಡುವೆ ಮೇವು ಸಿಗದೆ ಹಿಂದೆ ಬಿದ್ದದ್ದು, ಎಲ್ಲದರ ಸುಳಿವೂ ಅಲ್ಲೇ ಸಿಗುತ್ತದೆ. ತಿಂಗಳಿಗೊಮ್ಮೆ ಈ ಕೈಪರೀಕ್ಷೆ, ಜೊತೆಗೊಂದು ತಕ್ಕಡಿ: ಇಷ್ಟು ಅಗ್ಗವಾಗಿ ಇಷ್ಟು ಜೀವ ಉಳಿಸುವ ಆರೈಕೆ ಇನ್ನೊಂದನ್ನು ನಾನು ಕಾಣೆ. ಅಲ್ಪಾಕಾದ ಬಳಗದ್ದೇ ಆದ ಲಾಮಾಗೂ ಇದೇ ಕ್ರಮ.

ಮರಿಗಳ ಮಾತು ಬೇರೆ, ಅಲ್ಲಿ ತಿಂಗಳ ಲೆಕ್ಕವಿಲ್ಲ, ಗಂಟೆಗಳ ಲೆಕ್ಕ. ಹನ್ನೊಂದು ತಿಂಗಳಿಗೂ ಹೆಚ್ಚು ಕಾಲ ಹೊಟ್ಟೆಯಲ್ಲಿದ್ದ ಮರಿ ಬಹುಪಾಲು ಬೆಳಗಿನಿಂದ ಮಧ್ಯಾಹ್ನದೊಳಗೇ ಹುಟ್ಟುತ್ತದೆ. ಆಂಡೀಸ್‌ನಲ್ಲಿ 4,000 ಮೀಟರ್ ಎತ್ತರದ ರಾತ್ರಿಯ ಚಳಿ ಕಠೋರ. ಹೊತ್ತು ಮುಳುಗುವ ಮುಂಚೆ ಮೈ ಒಣಗಿ, ಎದ್ದು ನಿಂತು, ಗಿಣ್ಣುಹಾಲು ಕುಡಿದಿರಬೇಕು. ರೋಗ ತಡೆಯುವ ಶಕ್ತಿ ತಾಯಿಯಿಂದ ಮರಿಗೆ ಬರುವುದು ಮುಖ್ಯವಾಗಿ ಆ ಮೊದಲ ದಿನದ ಗಿಣ್ಣಿನಲ್ಲಿ. ಅದು ತಪ್ಪಿದ ಮರಿಗೆ ಸೋಂಕು ಎದುರಿಸುವ ಬಲವೇ ಇರುವುದಿಲ್ಲ. ಪೆರುವಿನಲ್ಲಿ ಮರಿ ಹಾಕುವ ಕಾಲವೇ ಮಳೆಗಾಲ. ಒಂದೇ ದೊಡ್ಡಿಯನ್ನು ಬಳಸಿ ಬಳಸಿ ಕೆಸರು, ಹಿಕ್ಕೆ ಕಲೆತಾಗ ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್ ಬ್ಯಾಕ್ಟೀರಿಯಾ ಹೆಚ್ಚುತ್ತದೆ. ಅದರ ನಂಜು ಕರುಳಿಗೇರಿ, ನಿನ್ನೆ ಕುಣಿಯುತ್ತಿದ್ದ ಮರಿಗಳು ಸಾಲಾಗಿ ಸಾಯುತ್ತವೆ. ಔಷಧಿ ಹುಡುಕುವಷ್ಟು ಪುರುಸೊತ್ತನ್ನು ಈ ರೋಗ ಕೊಡುವುದಿಲ್ಲ. ದೊಡ್ಡಿಯ ಜಾಗ ಬದಲಿಸುವುದು, ಒಣ ನೆಲ, ಗಾಳಿಮಳೆ ತಡೆಯುವ ಮಾಡು, ಇವೇ ಕಾಯುವುದು. ತಳಿ ಸುಧಾರಣೆಗೆ ಸುರಿಯುವ ಹಣಕ್ಕಿಂತ ಒಂದು ಮಾಡಿಗೆ ಹಾಕಿದ ಹಣ ದೊಡ್ಡದು ಎಂದು ನಾನು ನಂಬುತ್ತೇನೆ.

ಬ್ರಿಟನ್ನಿನಂಥ ಕಡೆ ಸಮಸ್ಯೆ ಇನ್ನೊಂದು. ಚಳಿಗಾಲದ ಅಲ್ಲಿನ ಮಂದ ಬಿಸಿಲು ಈ ಪರ್ವತಜೀವಿಗೆ ಸಾಲದೆ ಡಿ ವಿಟಮಿನ್ ಕುಸಿದು, ಬೆಳೆಯುವ ಮರಿಗಳ ಕಾಲೆಲುಬು ಬಾಗುತ್ತದೆ. ಚಳಿಗಾಲದುದ್ದಕ್ಕೂ ಪಶುವೈದ್ಯರ ಸಲಹೆಯಂತೆ ವಿಟಮಿನ್ ಚುಚ್ಚುಮದ್ದು ಕೊಡಿಸುವುದು ಅಲ್ಲಿ ರೂಢಿ.

ಉಣ್ಣೆ ಕೊಳ್ಳುವ ನಮ್ಮ ಕೈಗೂ ಒಂದು ಪರೀಕ್ಷೆ ಉಂಟು. ಹಸಿ ಉಣ್ಣೆಯಿಂದ ಒಂದು ಸಣ್ಣ ಗೊಂಚಲು ಬಿಡಿಸಿ, ಎರಡೂ ತುದಿ ಹಿಡಿದು ಕಿವಿಯ ಹತ್ತಿರ ಜಗ್ಗಿ. ಪ್ರಾಣಿ ಕಾಯಿಲೆ ಬಿದ್ದಾಗ, ಹಸಿದಾಗ ಬೆಳೆದ ಭಾಗ ಚಟಚಟನೆ ಕಿತ್ತು ಬರುತ್ತದೆ. ವರ್ಷಕ್ಕೊಮ್ಮೆ ಕತ್ತರಿಸಿದ ಉಣ್ಣೆಯಾದರೆ ತುದಿ ಹಳೆಯದು, ಬುಡ ಹೊಸದು. ಎಲ್ಲಿ ಕಿತ್ತಿತು ಎಂಬುದರ ಮೇಲೆ ಯಾವ ತಿಂಗಳಲ್ಲಿ ಅದಕ್ಕೆ ಕಷ್ಟ ಬಂದಿತ್ತೆಂದು ಅಂದಾಜಿಸಬಹುದು. ಆ ತಿಂಗಳು ಹಿಂಡಿಗೆ ಏನಾಗಿತ್ತೆಂದು ಮಾರುವವರನ್ನು ಕೇಳಿ.